ಎಷ್ಟು ಕೇಳಲಿ?

ಅರ್ಜಿಯ ಕೊನೆಯ ಖಾನೆಯೊಂದೇ ಎಲ್ಲ ರಗಳೆಗೂ ಮೂಲವಾಯಿತು. ಹೆಸರು, ವಯಸ್ಸು, ಓದು, ಅನುಭವ ಎಲ್ಲವನ್ನೂ ಆಗಲಪ್ಪ ಪೆನ್ನಿನಲ್ಲಿ ದುಂಡಗೆ ಬರೆದಿದ್ದ. ‘ನಿರೀಕ್ಷಿಸುವ ಸಂಬಳ’ ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಪೆನ್ನು ಕೆಳಗಿಟ್ಟು ಪೆನ್ಸಿಲ್ ಎತ್ತಿಕೊಂಡ.

ಆಗಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳು ಏನೇ ಹೇಳಿದರೂ ‘ಆಗಲಪ್ಪ’ ಎನ್ನುತ್ತಿದ್ದವನಿಗೆ ಜೊತೆಯವರು ಕಟ್ಟಿದ ಹೆಸರು. ಅದನ್ನು ಕಟ್ಟಿದ ದಿನವೂ ಅವನು ಬೇರೇನೂ ಹೇಳಿರಲಿಲ್ಲ.

ಹೊಸ ಕೆಲಸ ಅವನಿಗೆ ಬೇಕಾಗಿದ್ದು ಸಂಬಳಕ್ಕಲ್ಲ. ಹೆಂಡತಿ ಅರ್ಧ ದಿನದ ಬಸ್ ದಾರಿಯಾಚೆ, ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ರಜೆ ಸಿಕ್ಕ ದಿನ ಇವನಿಗಿಲ್ಲ, ಇವನಿಗೆ ಸಿಕ್ಕ ದಿನ ಅವಳಿಗೆ ರಾತ್ರಿ ಪಾಳಿ. ಮದುವೆಯಾದಾಗಿನಿಂದ ಇಬ್ಬರೂ ಮನೆಯಲ್ಲಿ ಕೂತದ್ದಕ್ಕಿಂತ ಬಸ್ ನಿಲ್ದಾಣದಲ್ಲಿ ನಿಂತದ್ದೇ ಹೆಚ್ಚು. ಜಗಳ ಆಡಿದರೂ ಫೋನಿನಲ್ಲಿ, ಅದೂ ಬ್ಯಾಟರಿ ಇರುವ ತನಕ. ಅವಳು ಪಕ್ಕದ ಕೋಣೆಯಲ್ಲಿ ಓಡಾಡುವ ಸದ್ದು ಕೇಳುತ್ತ ಸುಮ್ಮನೆ ಮಲಗಿರಬೇಕು, ಅಷ್ಟೇ ಅವನ ಆಸೆ. ಈಗ ಅವಳ ಊರಿನ ದೊಡ್ಡ ಕನ್ನಡಕದ ಅಂಗಡಿಗೆ ಕೌಂಟರಿನಲ್ಲಿ ನಿಲ್ಲುವವನೊಬ್ಬ ಬೇಕಾಗಿದ್ದ. ಅಂದೇ ಮಧ್ಯಾಹ್ನ ಸಂದರ್ಶನ.

‘ಇಪ್ಪತ್ತು ಸಾವಿರ’ ಎಂದು ಬರೆದು ಮುಗಿಸುವಷ್ಟರಲ್ಲಿ ಎದುರು ಮನೆಯ ನಿವೃತ್ತ ಮ್ಯಾನೇಜರರು ಪೇಪರ್ ಕೇಳುವ ನೆಪದಲ್ಲಿ ಒಳಗೆ ಬಂದು, ಹೆಗಲ ಮೇಲಿಂದ ಇಣುಕಿದರು.

“ಇಪ್ಪತ್ತಾ? ಅಲ್ಲಯ್ಯಾ, ಇಷ್ಟು ಅಗ್ಗಕ್ಕೆ ಸಿಗ್ತಾನೆ ಅಂದ್ರೆ ಏನೋ ಐಬಿದೆ ಅಂದ್ಕೋತಾರೆ. ನಲವತ್ತು ಹಾಕು. ಚೌಕಾಸಿ ಮಾಡೋದು ಅವರ ಕೆಲಸ.”

“ಆಗಲಿ ಸಾರ್,” ಎಂದು ಆಗಲಪ್ಪ ಅಳಿಸಿ ನಲವತ್ತು ಬರೆದ.

ಮೆಟ್ಟಿಲ ಬಳಿ ಮನೆ ಮಾಲೀಕರ ಹೆಂಡತಿ ಅಡ್ಡ ಸಿಕ್ಕರು. ಕಾಗದ ಕೈಯಲ್ಲಿದ್ದ ಮೇಲೆ ಅವರು ಓದದೆ ಬಿಡುವವರಲ್ಲ.

“ನಲವತ್ತು ಕೇಳೋಕೆ ನೀವೇನು ಡಾಕ್ಟರಾ? ನಮ್ಮಳಿಯ ಹೀಗೇ ಬಾಯಿಗೆ ಬಂದಿದ್ದು ಕೇಳಿ ಎಷ್ಟು ಕಾಲ ಮನೇಲೇ ಕೂತು ಸೋಫಾ ಸವೆಸಿದ ಗೊತ್ತಾ? ಹದಿನೈದು ಬರೀರಿ. ಒಳಗೆ ಸೇರ್ಕೊಂಡ್ರೆ ಆಮೇಲೆ ನೋಡ್ಕೋಬಹುದು.”

“ಆಗಲಿ ಅಮ್ಮಾ.”

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಸಿಕ್ಕಿದ್ದು ಒಬ್ಬ ವಿಮಾ ಏಜೆಂಟ್. ಆತ ಅರ್ಜಿ ನೋಡಿ, ಎಕ್ಸ್‌ರೇ ನೋಡಿದ ವೈದ್ಯನಂತೆ ಮುಖ ಗಂಭೀರ ಮಾಡಿದ.

“ಸಂಖ್ಯೆ ಬರೆದ್ರೆ ಸಿಕ್ಕಿಹಾಕ್ಕೊಂಡ್ರಿ ಅಂತ ಲೆಕ್ಕ. ‘ತಮ್ಮ ಚಿತ್ತದಂತೆ’ ಅಂತ ಬರೀರಿ. ಮೊದಲು ಅವರ ಬಾಯಿ ಬಿಡಿಸ್ಬೇಕು.”

ಆಗಲಪ್ಪ ರಬ್ಬರು ತೆಗೆದು ಉಜ್ಜತೊಡಗಿದ. ಬರೆದು ಅಳಿಸಿ ಆ ಜಾಗ ಆಗಲೇ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಬಸ್ಸು ಒಂದು ಗುಂಡಿ ಹಾರಿತು. ರಬ್ಬರು ಕಾಗದದ ಆಚೆ ಹೋಗಿ ಅವನ ಪ್ಯಾಂಟನ್ನು ಉಜ್ಜಿತು. ಸಂಬಳದ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ತೂತು.

“ಇದೂ ಒಂದು ಉಪಾಯವೇ,” ಎಂದು ಏಜೆಂಟ್ ಕಿಟಕಿಯ ಕಡೆ ತಿರುಗಿದ.

ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು. ಅವಳ ಹಿಂದೆ ಯಾರೋ ರೋಗಿ ಕರೆಯುತ್ತಿದ್ದ.

“ರೀ, ಎಲ್ಲಿದೀರಿ?”

“ಅರ್ಧ ದಾರಿ ಬಂದೆ. ಎಷ್ಟು ಕೇಳಲಿ ಹೇಳು.”

“ಎಷ್ಟು ಕೊಟ್ರೂ ಹೂಂ ಅನ್ನಿ. ನನ್ನ ಸಂಬಳ ಇದೆಯಲ್ಲ. ಸಾಯಂಕಾಲ ಮನೆಗೆ ಬಂದ್ರೆ ಒಳಗಡೆ ದೀಪ ಉರೀತಾ ಇರಬೇಕು ಅನ್ಸುತ್ತೆ ಕಣ್ರೀ. ದಿನಾ ನಾನೇ ಬೀಗ ತೆಗೆದು, ನಾನೇ ದೀಪ ಹಾಕಿ ಸಾಕಾಗಿದೆ.”

“ಆಗಲಿ,” ಎಂದ. ಈ ಸಲದ ‘ಆಗಲಿ’ ಮನಸ್ಸಿನಿಂದ ಬಂದದ್ದು. ಇಪ್ಪತ್ತು ಎನ್ನುವುದು, ಹದಿನೈದಕ್ಕೂ ಒಪ್ಪುವುದು ಎಂದು ಗಟ್ಟಿಮಾಡಿಕೊಂಡ.

ಗಟ್ಟಿಮಾಡಿಕೊಂಡದ್ದು ಅಂಗಡಿಯ ಬೆಂಚಿನ ತನಕ ಗಟ್ಟಿಯಾಗಿಯೇ ಇತ್ತು. ಆದರೆ ಅವನಿಗಿಂತ ಮುಂಚೆ ಒಳಗೆ ಹೋಗಿದ್ದ ದಪ್ಪ ಮನುಷ್ಯ ಬೆವರೊರೆಸಿಕೊಳ್ಳುತ್ತ ಹೊರಗೆ ಬಂದು ಪಕ್ಕದಲ್ಲಿ ಕುಸಿದ.

“ಕೆಟ್ಟೆ ಸ್ವಾಮಿ. ಹದಿನೆಂಟು ಸಾವಿರ ಅಂದೆ. ‘ಅಷ್ಟೇನಾ?’ ಅಂತ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನನ್ನ ಬೆಲೆ ನಾನೇ ಕಳ್ಕೊಂಡೆ.”

ಮರುಕ್ಷಣವೇ ಒಳಗಿನಿಂದ ಆಗಲಪ್ಪನಿಗೆ ಕರೆ ಬಂತು.

ಯಜಮಾನರೂ ಲೆಕ್ಕಿಗರೂ ಮೇಜಿನ ಆಚೆ ಕೂತಿದ್ದರು. ಯಜಮಾನರು ಅರ್ಜಿಯನ್ನು ಮುಖದ ಮಟ್ಟಕ್ಕೆ ಎತ್ತಿ ಓದುತ್ತ ಹೋದರು. ಕೊನೆಗೆ ಸಂಬಳದ ಖಾನೆಯಿಂದ ಅವರ ಒಂದು ಕಣ್ಣು ಆಗಲಪ್ಪನನ್ನು ನೋಡಿತು.

“ಇಲ್ಲಿ ತೂತಿದೆಯಲ್ರೀ.”

“ಹೌದು ಸಾರ್. ತುಂಬ ಯೋಚನೆ ಮಾಡಿದೆ.”

“ಹೋಗ್ಲಿ, ಬಾಯಲ್ಲೇ ಹೇಳಿ. ಎಷ್ಟು ನಿರೀಕ್ಷೆ?”

ಇಪ್ಪತ್ತು ನಾಲಿಗೆಯ ತುದಿಗೆ ಬಂದಿತ್ತು. ಹದಿನೆಂಟಕ್ಕೆ ನಕ್ಕವರು ಇಪ್ಪತ್ತಕ್ಕೆ ಅಳುತ್ತಾರೆಯೇ? ಕೆಲಸ ಕೈತಪ್ಪಿದರೆ ಆ ಮನೆಯಲ್ಲಿ ದೀಪ ಹಚ್ಚುವವರಾರು? ಎದುರು ಮನೆಯ ಮ್ಯಾನೇಜರರು ಬಂದು ಅವನ ನಾಲಿಗೆಯ ಮೇಲೆ ಕೂತಂತಾಯಿತು.

“ನಲವತ್ತು ಸಾವಿರ,” ಎಂದ. ತನ್ನ ದನಿ ತನಗೇ ಗುರುತು ಸಿಗಲಿಲ್ಲ.

ಇಬ್ಬರೂ ನಗಲಿಲ್ಲ. ಲೆಕ್ಕಿಗರು ಯಜಮಾನರ ಕಿವಿಯಲ್ಲಿ ಏನೋ ಹೇಳಿದರು. “ಸ್ವಲ್ಪ ಹೊರಗಡೆ ಇರಿ,” ಎಂದರು ಯಜಮಾನರು.

ಹೊರಗೆ ಗಾಜಿನ ಕಪಾಟುಗಳ ತುಂಬ ಕಣ್ಣಿಲ್ಲದ ಕನ್ನಡಕಗಳು ಅವನನ್ನೇ ನೋಡುತ್ತಿದ್ದವು. ಗಾಜಿನಾಚೆ ಅವಳು ದಿನಾ ನಡೆದುಹೋಗುವ ರಸ್ತೆ. ಆ ತಿರುವಿನಲ್ಲಿ ಅವಳಿಗಾಗಿ ಕಾದು ನಿಂತು, ಕೈಯ ಚೀಲ ಇಸಿದುಕೊಂಡು, ಬೇಳೆಯ ಬೆಲೆ ಮಾತಾಡುತ್ತ ಮನೆ ಸೇರುವ ಸಂಜೆಗಳು ಕಣ್ಣಿಗೆ ಕಟ್ಟಿದವು. ಅಂಥ ಸಂಜೆಗಳಿಗೆ ತಾನು ನಲವತ್ತು ಸಾವಿರ ಬೆಲೆ ಕಟ್ಟಿಬಿಟ್ಟೆನಲ್ಲ. ಒಳಗೆ ಹೋಗಿ ಮಾತು ವಾಪಸ್ ತಗೊಳ್ಳುವುದೇ ಸರಿ ಎಂದು ಎದ್ದ. ಅಷ್ಟರಲ್ಲಿ ಲೆಕ್ಕಿಗರೇ ಬಾಗಿಲು ತೆರೆದರು.

“ಬನ್ನಿ, ಬನ್ನಿ,” ಎಂದು ಯಜಮಾನರು ಎದ್ದುನಿಂತು ಕೈ ಕುಲುಕಿದರು. “ಒಪ್ಪಿದೀವಿ.”

“ಸಾರ್, ನಲವತ್ತೇ ಆಗಬೇಕು ಅಂತೇನಿಲ್ಲ. ಹದಿನೈದಾದ್ರೂ ಸಂತೋಷವಾಗಿ ಮಾಡ್ತೀನಿ.”

“ನೋಡಿದ್ರಾ ವಿನಯ?” ಯಜಮಾನರು ಲೆಕ್ಕಿಗರ ಕಡೆ ತಿರುಗಿದರು. “ಇಂಥವರನ್ನೇ ನಾವು ಹುಡುಕ್ತಾ ಇದ್ದದ್ದು. ಕೌಂಟರ್ ಕೆಲಸಕ್ಕೆ ಹೊರಗಿದಾರಲ್ಲ, ಆ ದಪ್ಪನೆಯವರನ್ನ ತಗೊಂಡ್ವಿ. ಹದಿನೆಂಟಕ್ಕೆ ಅಷ್ಟು ಅನುಭವ ಇರೋರು ಸಿಕ್ತಾರಾ? ನಮಗೆ ನಗುವೇ ತಡೆಯೋಕಾಗ್ಲಿಲ್ಲ. ನಲವತ್ತು ಕೇಳೋ ಧೈರ್ಯ ಇರೋರನ್ನ ಕೌಂಟರಿನಲ್ಲಿ ನಿಲ್ಲಿಸೋದು ತಪ್ಪಾಗುತ್ತೆ. ನೀವು ಮ್ಯಾನೇಜರ್. ಹೊಸ ಶಾಖೆ ತೆರೀತಾ ಇದೀವಿ.”

“ಎಲ್ಲಿ ಸಾರ್?”

“ನಿಮ್ಮೂರಲ್ಲೇ. ನೀವೀಗ ಕೆಲಸ ಮಾಡೋ ಅಂಗಡಿಯ ಎದುರು ಸಾಲಿನಲ್ಲಿ. ಮನೆ ಬದಲಾಯಿಸೋ ತಾಪತ್ರಯ ಕೂಡ ಇಲ್ಲ ನಿಮಗೆ.”

ಆಗಲಪ್ಪ ಬಾಯಿ ತೆರೆದ. ಬರಬೇಕಾದ ಮಾತು ಬರಲಿಲ್ಲ. ಬಂದದ್ದು ಅದೇ ಹಳೆಯದು.

“ಆಗಲಿ ಸಾರ್.”

ಆಸ್ಪತ್ರೆಯ ಗೇಟಿನ ಬಳಿ ಅವಳು ಅವನ ಮುಖ ನೋಡಿದ ಕೂಡಲೇ, “ಸಿಗಲಿಲ್ವಾ?” ಎಂದಳು.

“ಸಿಕ್ತು,” ಎಂದು ಅವನು ನಡೆದದ್ದನ್ನೆಲ್ಲ ಹೇಳಿದ. ಅವಳಿಗೆ ನಗು ಬಂತು. ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು, ಅವನ ಮಡಚಿಹೋಗಿದ್ದ ಕಾಲರನ್ನು ಎಳೆದು ಸರಿಮಾಡಿದಳು.

“ಇಷ್ಟು ದುಬಾರಿ ಆಗ್ಬಿಟ್ರೆ ನನ್ನ ಕೈಗೆಲ್ಲಿ ಸಿಗ್ತೀರಿ?” ಎಂದಳು.

ಒಳಗಿನಿಂದ ಯಾರೋ ಅವಳನ್ನು ಕೂಗಿದರು. ಅವಳು ಹೋದ ಮೇಲೂ ಅವನು ಕಾಲರನ್ನು ಮುಟ್ಟಿಕೊಳ್ಳುತ್ತ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಆಮೇಲೆ ಬಸ್ ನಿಲ್ದಾಣದ ಕಡೆ ಹೊರಟ.