ನಕ್ಷತ್ರ ಕಾಣುವ ಚಪ್ಪರ

"ನಿಮ್ಮ ಊರಲ್ಲಿ ಗರಿ ಹೊದಿಸಿ ಗುಡಿಸಲು ಕಟ್ಟುತ್ತಾರಂತೆ, ನಿನಗೆ ಬರುತ್ತದೆಯೇ?" ಎಂದು ಅಮೆರಿಕದ ಮ್ಯಾನೇಜರ್ ಜೋಯೆಲ್ ಸಾಹೇಬರು ಕೇಳಿದಾಗ ಸುಮಿತ್ ಇಲ್ಲ ಎನ್ನಬಹುದಿತ್ತು. ಉಡುಪಿ ಕಡೆಯ ಈ ಮಹಾಶಯ ಚಪ್ಪರದಡಿ ಕೂತು ಪಾನಕ ಕುಡಿದದ್ದು ಬಿಟ್ಟರೆ ಜನ್ಮದಲ್ಲಿ ಒಂದು ಗೂಟ ನೆಟ್ಟವನಲ್ಲ. ಆದರೆ ಕಂಪನಿಯ ಫ್ಲ್ಯಾಟೊಂದು ಖಾಲಿಯಾಗಿತ್ತು, ಅದನ್ನು ಯಾರಿಗೆ ಕೊಡುವುದೆಂಬುದು ಸಾಹೇಬರ ಕೈಯಲ್ಲಿತ್ತು. ಮನೆ ತೋರಿಸದೆ ಹೆಂಡತಿ ನಿಖಿತಾಳಿಗೆ ವೀಸಾ ಆಗುವಂತಿರಲಿಲ್ಲ. ಮದುವೆಯಾಗಿ ವರ್ಷ ಕಳೆದರೂ ಸುಮಿತ್ ದುಬೈಯ ದೇರಾದ ಬ್ಯಾಚುಲರ್ ರೂಮಿನಲ್ಲಿ ಮೇಲಿನ ಮಂಚದವನ ಗೊರಕೆ ಕೇಳುತ್ತ ಮಲಗುತ್ತಿದ್ದ. ಸಾಲದ್ದಕ್ಕೆ ಅದೇ ಫ್ಲ್ಯಾಟಿನ ಮೇಲೆ ಅಕೌಂಟ್ಸಿನ ಶ್ರೀನಿಧಿಗೂ ಕಣ್ಣು.

"ಚಪ್ಪರ ನಮ್ಮ ರಕ್ತದಲ್ಲೇ ಇದೆ ಸರ್" ಅಂದುಬಿಟ್ಟ ಸುಮಿತ್.

ಶುಕ್ರವಾರ ಬೆಳಿಗ್ಗೆ ಅವನು ಪಿಕಪ್ ತುಂಬ ಖರ್ಜೂರದ ಗರಿ ಹೇರಿಕೊಂಡು ಮಿರ್ದಿಫ್‌ನಲ್ಲಿದ್ದ ಸಾಹೇಬರ ವಿಲ್ಲಾಕ್ಕೆ ಬಂದ. "ಇದು ನನ್ನ ಮನೆಯ ಹಬ್ಬ, ಹೊರಗೆ ಯಾರಿಗೂ ಹೇಳಬೇಡ" ಎಂದು ಎಚ್ಚರಿಸಿ ಸಾಹೇಬರು ಒಳಗೆ ಹೋದರು. ಅಕ್ಟೋಬರಿನ ಸೆಕೆಯಲ್ಲಿ ಬೆವರು ಸುರಿಸಿ ಸುಮಿತ್ ಗರಿಯ ಮೇಲೆ ಗರಿ ಪೇರಿಸಿದ. ಮಧ್ಯಾಹ್ನದ ಹೊತ್ತಿಗೆ ಬಿಸಿಲಿನ ಒಂದು ಎಳೆಯೂ ಒಳಗಿಳಿಯದ ಹಾಗಾಯಿತು. ಊರಿನ ಜಡಿಮಳೆ ಬಂದರೂ ಹನಿ ಸೋರಲಿಕ್ಕಿಲ್ಲವೆಂದು ಹೆಮ್ಮೆಯಿಂದ ಸಾಹೇಬರನ್ನು ಕರೆದ.

ಸಾಹೇಬರು ಮೇಲೆ ನೋಡಿ ಬಿಳಿಚಿಕೊಂಡರು. "ಇದೇನು ಮಾಡಿದೆ? ನಕ್ಷತ್ರ ಹೇಗೆ ಕಾಣಬೇಕು?"

ಮಾಡಿಗೆ ತೂತು ಬೇಕೆನ್ನುವ ಯಜಮಾನನನ್ನು ಸುಮಿತ್ ಕಂಡಿರಲಿಲ್ಲ. ಅವನು ಬಾಯಿ ತೆರೆದುಕೊಂಡೇ ನಿಂತದ್ದು ನೋಡಿ ಸಾಹೇಬರು ಕೂರಿಸಿ ವಿವರಿಸಿದರು. ಅವರು ಹುಟ್ಟಿನಿಂದ ಯಹೂದಿ. ದಾಸ್ಯ ಬಿಟ್ಟು ಹೊರಟ ಹಿರಿಯರು ಮರುಭೂಮಿಯಲ್ಲಿ ಗುಡಿಸಲಲ್ಲಿದ್ದರು. ಕಾಪಾಡುವುದು ಮನೆಯ ಮಾಡು ಅಲ್ಲ, ದೇವರು ಎಂಬುದನ್ನು ಮರೆಯಬಾರದೆಂದು ವರ್ಷಕ್ಕೊಮ್ಮೆ ಈ ಪರ್ಣಶಾಲೆಯ ಹಬ್ಬ.

"ಮತ್ತೆ ನೀವು ಏಸುವಿಗೆ ಪ್ರಾರ್ಥನೆ ಮಾಡ್ತೀರಲ್ಲ ಸರ್?"

"ನಾವು ಕಾಯುತ್ತಿದ್ದ ರಕ್ಷಕ, ಆ ಮೆಸ್ಸೀಯ, ಅವನೇ ಅಂತ ನಂಬಿದವನು ನಾನು. ಗುಡಿಸಲಲ್ಲಿ ನಾಲ್ಕು ದಿನ ಇದ್ದು ಹೋಗುವ ಹಾಗೆ ದೇವರೇ ಮನುಷ್ಯನ ಮೈಯಲ್ಲಿ ನಮ್ಮ ನಡುವೆ ಇದ್ದು ಹೋದ. ಒಂದು ದಿನ ಎಲ್ಲ ಜನರ ಜೊತೆ ಬಿಡಾರ ಹೂಡಲು ಮತ್ತೆ ಬರುತ್ತಾನೆ. ನನಗೆ ಈ ಹಬ್ಬ ಅದನ್ನೂ ಹೇಳುತ್ತದೆ."

ಸುಮಿತ್‌ಗೆ ಅರ್ಧ ಅರ್ಥವಾಯಿತು. ಉಳಿದರ್ಧ ಫ್ಲ್ಯಾಟಿಗಾಗಿ ಒಪ್ಪಿಕೊಂಡು ಗರಿ ಕೀಳಲು ಏಣಿ ಹತ್ತಿದ.

ಆಗಲೇ ಪಕ್ಕದ ವಿಲ್ಲಾದ ಅಕ್ಕು ಗೋಡೆಯಾಚೆ ಕಾಣಿಸಿಕೊಂಡರು. ಕಾಪು ಕಡೆಯವರು, ದುಬೈಯ ತುಳುವರ ಸುದ್ದಿಗಳೆಲ್ಲ ಅವರ ಫೋನಿನಿಂದಲೇ ಹೊರಡುತ್ತಿದ್ದವು.

"ಎಂತ ಮಾರಾಯಾ ಚಪ್ಪರ? ಮದುವೆಯಾ?"

"ಅಲ್ಲ ಅಕ್ಕಾ."

"ಮತ್ತೆ ಪೂಜೆಯಾ?"

ಸಾಹೇಬರಿಗೆ ಕೊಟ್ಟ ಮಾತು ನೆನಪಾಗಿ ಸುಮಿತ್ ತಲೆ ತಗ್ಗಿಸಿದ. "ಕೇಳ್ಬೇಡಿ ಅಕ್ಕಾ. ಹೇಳ್ಲಿಕ್ಕೆ ಆಗುದಿಲ್ಲ."

ಮದುವೆಯೂ ಇಲ್ಲ, ಪೂಜೆಯೂ ಇಲ್ಲ, ಒಂದೇ ದಿನದಲ್ಲಿ ಅಂಗಳದಲ್ಲಿ ಚಪ್ಪರ ಎದ್ದಿದೆ, ಕಟ್ಟುವವನು ತಲೆ ತಗ್ಗಿಸುತ್ತಾನೆ. ಅಕ್ಕು ಇನ್ನೇನು ತಿಳಿಯಬೇಕು? ಪಾಪ, ಸಾಹೇಬರು ಹೋಗಿಬಿಟ್ಟರಲ್ಲ, ಒಳ್ಳೇ ಮನುಷ್ಯ ಎಂದು ಕಣ್ಣೊರೆಸಿಕೊಂಡು ಫೋನಿನತ್ತ ನಡೆದರು.

ಸೂರ್ಯ ಮುಳುಗುವ ಹೊತ್ತಿಗೆ ಗೇಟಿನ ಮುಂದೆ ಕಾರುಗಳು ಸಾಲುಗಟ್ಟಿದವು. ಬಿಳಿ ಬಟ್ಟೆಯ ಜನ ಮುಖ ಜೋಲಿಸಿಕೊಂಡು ಇಳಿದರು. ಆಫೀಸಿನವರೊಂದಿಗೆ ಶ್ರೀನಿಧಿಯೂ ಬಂದಿದ್ದ. ಬಾಗಿಲು ತೆರೆದದ್ದು ಸ್ವತಃ ಸಾಹೇಬರು.

ಅಕ್ಕು ಅಲ್ಲೇ ಗೋಡೆ ಹಿಡಿದುಕೊಂಡರು. ಹಿಂದಿದ್ದವರೊಬ್ಬರು, "ಇವರು ಹೋದವರ ತಮ್ಮನಾ?" ಎಂದು ಸುಮಿತ್‌ನ ಕಿವಿಯಲ್ಲಿ ಕೇಳಿದರು. ಮಾತು ಮುರಿದೆ, ಫ್ಲ್ಯಾಟ್ ಖಲಾಸ್, ನಿಖಿತಾ ಇನ್ನು ಬಂದ ಹಾಗೇ ಎಂದುಕೊಂಡ ಸುಮಿತ್.

ಸಾಹೇಬರ ಕಣ್ಣು ಮಾತ್ರ ಅರಳಿತು. "ಅತಿಥಿಗಳಿಲ್ಲದೆ ಈ ಹಬ್ಬವೇ ಇಲ್ಲ. ಕರೆಯುವ ಧೈರ್ಯವಿಲ್ಲದೆ ಸುಮ್ಮನಿದ್ದೆ. ಸುಮಿತ್, ನೀನು ಕರೆಸಿದೆಯಾ?"

ಸುಮಿತ್ ವಿನಯದಿಂದ ನೆಲ ನೋಡಿದ. ಎಲ್ಲರಿಗೂ ಚಪ್ಪರದಲ್ಲಿ ಹಣ್ಣು, ಜ್ಯೂಸ್ ಸಿಕ್ಕಿತು. ತೀರಿಹೋದವರ ಕೈಯಿಂದಲೇ ಜ್ಯೂಸ್ ಇಸಕೊಳ್ಳುವಾಗ ಅಕ್ಕು ಆ ಬೆರಳು ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಿದರು.

"ನನಗೆ ಒಳಗೆ ಎಸಿ ಹತ್ರ ಕೂರಕ್ಕೆ ಬಿಡಿ ಸಾರ್," ಎಂದು ಶ್ರೀನಿಧಿ ಗೋಗರೆದ. "ಈ ಸೆಕೆ ತಡೆಯಕ್ಕಾಗಲ್ಲ, ನಾಲ್ಕು ಗೋಡೆ ಇಲ್ದಿದ್ರೆ ನಂಗೆ ಜೀವಾನೇ ಇರಲ್ಲ."

ಇದೇ ಸಮಯವೆಂದು ಸುಮಿತ್ ಎದ್ದು ನಿಂತ. "ನನಗೆ ಗೋಡೆ ಯಾಕೆ ಸರ್? ಈ ಗರಿಯ ಕೆಳಗೆ ಸಿಗುವ ನೆಮ್ಮದಿ ಯಾವ ಫ್ಲ್ಯಾಟಿನಲ್ಲಿ ಸಿಗ್ತದೆ? ಆಯುಷ್ಯ ಪೂರ್ತಿ ಹೀಗೇ ಇರ್ಲಿಕ್ಕೆ ನಾನು ತಯಾರು."

ಸಾಹೇಬರು ಕಣ್ಣೊರೆಸಿಕೊಂಡು ಜೇಬಿನಿಂದ ಫ್ಲ್ಯಾಟಿನ ಕೀಲಿಕೈ ತೆಗೆದರು. ಸುಮಿತ್ ಎರಡೂ ಕೈ ಚಾಚಿದ.

"ಇವತ್ತು ಇದನ್ನು ನಿನಗೇ ಕೊಡಬೇಕೆಂದಿದ್ದೆ," ಎಂದರು ಸಾಹೇಬರು. "ಆದರೆ ಇಷ್ಟು ದೊಡ್ಡ ನಂಬಿಕೆಯವನ ಕೈಗೆ ಕೀಲಿಕೈ ಕೊಟ್ಟು ಅವಮಾನ ಮಾಡಲಾರೆ. ಗೋಡೆ ಬೇಕಾದವನು ಪಾಪ, ಇವನು." ಕೀಲಿಕೈ ಶ್ರೀನಿಧಿಯ ಬೆವರಿದ ಅಂಗೈ ಸೇರಿತು. "ನೀನು ಹಬ್ಬ ಮುಗಿಯುವವರೆಗೆ ನನ್ನ ಜೊತೆ ಇಲ್ಲೇ ಮಲಗು."

ಅಷ್ಟರಲ್ಲಿ ಸುಮಿತ್‌ನ ಮೊಬೈಲ್ ಬಡಿದುಕೊಂಡಿತು. ನಿಖಿತಾ.

"ರೀ, ಕೀಲಿಕೈ ಕೊಡ್ತಾರೆ ಅಂತ ಹೇಳಿದ್ರಲ್ಲ, ನಾನು ಬಟ್ಟೆ ಎಲ್ಲ ಪ್ಯಾಕ್ ಮಾಡಿ ಆಯ್ತು."

ಸುಮಿತ್ ಗರಿಯ ಸಂದಿನಲ್ಲಿ ಕಾಣುತ್ತಿದ್ದ ನಕ್ಷತ್ರ ನೋಡಿದ. ಆಮೇಲೆ, "ಒಳ್ಳೇದಾಯ್ತು ಮಾರಾಯ್ತಿ," ಎಂದ. "ಈಗ ನಿಧಾನಕ್ಕೆ ಆ ಪೆಟ್ಟಿಗೆ ಬಿಚ್ಚು."