ಭಾವ ಕಿತ್ತ ಕೀಬೋರ್ಡು

2003ರ ಮಳೆಗಾಲದ ಒಂದು ಮಂಗಳವಾರ, ಮಧ್ಯಾಹ್ನ ಮೂರು ದಾಟಿತ್ತು. ಹಳಿಯಾಳದಲ್ಲಿ ಅಕ್ಕನ ಮನೆಯ ಅಡುಗೆಮನೆ ಬಾಗಿಲಲ್ಲಿ, ಎಡಗೈಯನ್ನು ಚೌಕಟ್ಟಿಗೆ ಕೊಟ್ಟು ನಾನು ನಿಂತಿದ್ದೆ. ಹೀಗಾಗಿ ಇದು ಕೇಳಿದ್ದಲ್ಲ, ಕಂಡದ್ದು. ಆದರೆ ಮೊದಲೇ ಹೇಳಿಬಿಡುತ್ತೇನೆ: ಅಕ್ಕನ ಗಂಡ, ಅಂದರೆ ನನ್ನ ಭಾವ, ಅವರಷ್ಟು ತಲೆಕೆಟ್ಟವರು ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ!

ಭಾವ ಬೋರ್ಡು ಬರೆಯುವವರು. ದಾಂಡೇಲಿಯಿಂದ ಮುಂಡಗೋಡದವರೆಗೆ ಅವರ ಕುಂಚ ಓಡಾಡಿತ್ತು. ಟಿಬೆಟನ್ ಕಾಲೊನಿಯ ಅಂಗಡಿಯೊಂದಕ್ಕೆ ತಮಗೆ ಓದಲು ಬಾರದ ಅಕ್ಷರವನ್ನೂ ನೋಡಿ ನೋಡಿ ಬರೆದಿದ್ದರು. "ಏನ್ ಬರದೀರಿ?" ಎಂದರೆ, "ನಂಗೇನ್ ಗೊತ್ತೋ, ಓದಿದವ್ರು ಬೈಲಿಲ್ಲ!" ಎಂದರು. ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕ್ಲಾಸಿಗೆ ಸೇರಿ, ಹುಡುಗಿಯರ ನಡುವೆ ಕೂತು ಪ್ರೋಗ್ರಾಂ ಬರೆಯಲು ಕಲಿತರು.

ಆ ವರ್ಷ ಅವರ ಮನೆಯಲ್ಲಿದ್ದ ನಮ್ಮ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಅವಳಿಗೆ ಏನು ಬೇಕೆಂದು ಯಾರಿಗೂ ತಿಳಿಯದು. ನಾವು ನೀರು ಕೊಟ್ಟರೆ ಅಳುತ್ತಿದ್ದಳು, ಕೊಡದಿದ್ದರೂ ಅಳುತ್ತಿದ್ದಳು.

ಭಾವ ಮಾಡಿದ್ದೇನು ಗೊತ್ತೆ? ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿಕೊಂಡು, ಬಾಯಿ ಮುಚ್ಚಿಕೊಂಡು ನಾಲ್ಕು ದಿನ ಕಳೆದರು. "ಆಕೀಗೆ ಹೆಂಗ ಅನಸ್ತೈತಿ ಅಂತ ಗೊತ್ತಾಗಬೇಕಲ್ಲ" ಎಂದು ಚೀಟಿಯಲ್ಲಿ ಎಡಗೈಯಿಂದ ಬರೆದು ತೋರಿಸಿದರು. ಅಕ್ಕ ನನ್ನ ಕಿವಿಯಲ್ಲಿ, "ಮದುವಿ ಆದಾಗಿಂದ ಇಂಥಾ ಆರಾಮದ ನಾಕ ದಿನಾ ನಾ ಕಂಡಿಲ್ಲೋ ತಮ್ಮಾ!" ಎಂದಳು.

ಐದನೆಯ ದಿನ ಕೀಬೋರ್ಡಿನ ಹಲ್ಲುಗಳನ್ನೆಲ್ಲ ಕಿತ್ತು, ಆರೇ ಆರು ಉಳಿಸಿ, ಅವುಗಳ ಮೇಲೆ ಅಗಲವಾದ ರಟ್ಟು ಅಂಟಿಸಿ ಚಿತ್ರ ಬರೆದರು: ನೀರು, ಚಹಾ, ಊಟ, ನೋವು, ಬಚ್ಚಲು, ಚಾದರ. ಒತ್ತಿದರೆ ಕಂಪ್ಯೂಟರು ಮಾತಾಡಬೇಕು. ಅವ್ವ ಎಡಗೈಯಿಂದ ಮೊದಲನೆಯದನ್ನು ಒತ್ತಿದಳು. ಭಾವನ ಗೊಗ್ಗರು ದನಿ "ನೀರು ಕೊಡ್ರೀ!" ಎಂದು ಗರ್ಜಿಸಿತು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಮ್ಮವ್ವನ ಬಾಯಾಗ ನಿಮ್ಮ ದನಿ ಯಾಕ್ರೀ? ಒಳಗ ಹುಲಿ ಹೊಕ್ಕಂಗಾತು!" ಎಂದಳು ಅಕ್ಕ. ಮರುದಿನ ಆರೂ ಕೀಗಳಿಗೆ ಅಕ್ಕನ ದನಿ ಬಂತು: ಬರೀ "ನೀರು", "ಊಟ", ಅಷ್ಟೇ.

ಚಹಾದ ಕೀಯನ್ನು ಮಾತ್ರ ಅವ್ವ ಮುಟ್ಟಲೇ ಇಲ್ಲ. ನಾನು, "ಅವ್ವಗ ತಿಳಿಯಂಗಿಲ್ಲ ಬಿಡ್ರಿ" ಎಂದೆ. ಭಾವ ಸಿಟ್ಟಾದರು. "ತಪ್ಪು ಆಕೀದಲ್ಲೋ, ಚಿತ್ರದ್ದು!" ಎಂದವರೇ ಅವಳ ಎದುರು ಎರಡು ದಿನ ಕೂತು, ಅವಳು ಚಹಾ ಕುಡಿಯುವುದನ್ನು ನೋಡಿದರು. ಅವ್ವ ಹುಟ್ಟಿದಾಗಿನಿಂದ ಚಹಾ ಕುಡಿದದ್ದು ಬಸಿಯಲ್ಲಿ, ಅಂದರೆ ಸಾಸರಿನಲ್ಲಿ ಸುರಿದುಕೊಂಡು. ಇವರು ಬರೆದದ್ದು ಹಿಡಿಯಿರುವ ಕಪ್ಪು. ಕಪ್ಪು ಅಳಿಸಿ ಬಸಿ ಬರೆದರು. ಅವ್ವ ಒಂದೇ ದಿನ ಏಳು ಸಲ ಚಹಾ ಕೇಳಿದಳು!

ಆ ಮಂಗಳವಾರ ಅವ್ವನ ಊಟ ಮುಗಿದು ಬಹಳ ಹೊತ್ತಾಗಿತ್ತು. ಭಾವ ಬೆಳಗಿನಿಂದ ವೈರು ಬಿಚ್ಚಿಕೊಂಡು ಅವಳ ಕಾಲಬುಡದಲ್ಲೇ ಕೂತಿದ್ದರು. ಜೋಡಿಸಿದ ಕೂಡಲೇ ಅವ್ವ "ಊಟ" ಒತ್ತಿದಳು. ಅಕ್ಕ ತಾಟು ತಂದಳು. ಅವ್ವ ಮುಖ ತಿರುವಿದಳು. ಮತ್ತೆ ಒತ್ತಿದಳು. "ಊಟ." ಮತ್ತೆ. "ಊಟ."

"ಕೀ ಸಿಕ್ಕೊಂಡೈತಿ" ಎಂದು ಭಾವ ಕೀಬೋರ್ಡು ಎತ್ತಲು ಹೋದರು. ಅಳಿಯನ ಎದುರು ಎಂದೂ ತಲೆ ಎತ್ತಿ ಮಾತಾಡದಿದ್ದ ಅವ್ವ, ಎಡಗೈಯಿಂದ ಅವರ ಮಣಿಕಟ್ಟು ಹಿಡಿದಳು. ಬಿಟ್ಟು, ಇನ್ನೊಮ್ಮೆ ಕೀ ಒತ್ತಿದಳು. ಆಮೇಲೆ ತನ್ನ ಅದೇ ಎಡಗೈಯನ್ನು ಅವರ ಹೊಟ್ಟೆಯ ಮೇಲಿಟ್ಟಳು.

"ಆಕಿ ಬೇಡಾಕತ್ತಿಲ್ರೀ," ಅಕ್ಕ ಮೆಲ್ಲಗೆ ಅಂದಳು. "ಕೇಳಾಕತ್ತಾಳ. ನೀವು ಉಂಡೀರೇನು ಅಂತ."

ಭಾವ ಉಂಡಿರಲಿಲ್ಲ. ಅವ್ವನಿಗೆ ಬೇಕಾದದ್ದನ್ನೆಲ್ಲ ನಾವು ಯೋಚಿಸಿದ್ದೆವು. ಅವಳಿಗೂ ನಮ್ಮನ್ನು ಕೇಳುವುದು ಇರುತ್ತದೆ ಎಂದು ಯೋಚಿಸಿರಲಿಲ್ಲ. ಭಾವ ಅಲ್ಲೇ ನೆಲದ ಮೇಲೆ ಅವಳೆದುರು ಕೂತು, ಕಣ್ಣು ಒರೆಸಿಕೊಳ್ಳದೆ, ಆ ತಾಟಿನ ಅನ್ನ ಪೂರ್ತಿ ಉಂಡರು. ಅವ್ವ ಕೊನೆಯ ತುತ್ತಿನವರೆಗೂ ನೋಡಿದಳು.

ಸಂಜೆ ಏಳನೆಯ ಕೀ ಬಂತು: "ಉಂಡ್ರೇನು?" ಅವ್ವ ಇದ್ದಷ್ಟು ದಿನ ಹೆಚ್ಚು ಸವೆದದ್ದು ಅದೇ.

ಆ ಮಂಗಳವಾರ ಅಲ್ಲಿ ಇದ್ದವರು ನಾಲ್ವರು. ಈಗ ಅವ್ವ ಇಲ್ಲ, ಭಾವನೂ ಇಲ್ಲ. ನಾನು ಹೇಳಿದ್ದರಲ್ಲಿ ಹೆಚ್ಚುಕಡಿಮೆ ಇದ್ದರೆ ತಿದ್ದುವುದಕ್ಕೆ ಅಕ್ಕ ಇದ್ದಾಳೆ, ಅದೇ ಮನೆಯಲ್ಲಿ.