ಇಂಟರ್‌ನೆಟ್ಟಿನಿಂದ ಬಂದ ಹಳೇ ರೂಪಾಯಿಗಳು

ಕೆಲವರ ಚಪ್ಪಲಿ ಪ್ರತಿ ಮದುವೆಮನೆಯಲ್ಲೂ ಕಳೆಯುತ್ತದೆ. ಕೆಲವರಿಗೆ ಬಸ್ಸು ಸದಾ ಕಣ್ಣೆದುರೇ ಹೊರಟುಹೋಗುತ್ತದೆ. ನನಗೆ ಹಳೇ ನಾಣ್ಯ ಕೊಂಡಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

ನಾನು ಕರೆಂಟ್ ಆಫೀಸಿನಲ್ಲಿ ಸೆಕ್ಷನ್ ಆಫೀಸರ್ ಆಗಿದ್ದವನು. ಶಹಾಬಾದ, ಚಿತ್ತಾಪುರ, ವಾಡಿ, ಸೇಡಂ ಎಂದು ವರ್ಗವಾದಲ್ಲೆಲ್ಲ ಹೆಂಡತಿ, ಮಗಳು ಮತ್ತು ನಾಣ್ಯದ ಡಬ್ಬಿ ನನ್ನ ಹಿಂದೆ ಬಂದರು. ಮೊದಲು ಸಂತೆಯಲ್ಲಿ, ಪಾತ್ರೆ ಅಂಗಡಿಯಲ್ಲಿ ಹುಡುಕುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆಗೂ ಇಂಟರ್‌ನೆಟ್ ಅಂಗಡಿಗಳು ಬಂದವು. ನೋಡಿದರೆ ಇಂದೋರ್, ಮುಂಬೈ, ದಿಲ್ಲಿಯ ನಾಣ್ಯದ ವ್ಯಾಪಾರಿಗಳು ಆಗಲೇ ಕಂಪ್ಯೂಟರಿನೊಳಗೆ ಗಾದಿ ಹಾಕಿಕೊಂಡು ಕುಂತಿದ್ದರು. ನನ್ನ ಹುಚ್ಚು ಸಂತೆ ಬಿಟ್ಟು ಅಲ್ಲಿಗೆ ಹೋಯಿತು.

ಗುಂಡಿ

ಶಹಾಬಾದದಲ್ಲಿದ್ದಾಗ ಇಂದೋರಿನ ವ್ಯಾಪಾರಿಯೊಬ್ಬನಿಂದ ಬೆಳ್ಳಿ ರೂಪಾಯಿಗಳನ್ನು ತರಿಸುತ್ತಿದ್ದೆ. ಆತ ಭಾಳ ಹುಷಾರಿನ ಮನುಷ್ಯ. ಲಕೋಟೆಯ ಮೇಲೆ ನಾಣ್ಯ ಎಂದು ಬರೆದರೆ ದಾರಿಯಲ್ಲೇ ಮಾಯವಾದೀತೆಂದು, 'ಶರ್ಟಿನ ಗುಂಡಿ' ಎಂದು ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದ.

"ಸಾಹೇಬ್ರ, ನಿಮ್ಮ ಗುಂಡಿ ಬಂದಾವ್ರಿ! ಸಹಿ ಮಾಡ್ರಿ," ಎಂದು ಪೋಸ್ಟ್‌ಮ್ಯಾನ್ ಓಣಿಗೆಲ್ಲ ಕೇಳುವಂತೆ ಕೂಗುವನು. ಗುಂಡಿ ಅಲ್ಲ ಎಂದರೆ ಗುಟ್ಟು ರಟ್ಟಾಗುತ್ತದೆ. ನಾನು ಸುಮ್ಮನೆ ಸಹಿ ಮಾಡುತ್ತಿದ್ದೆ.

ನಮ್ಮ ಓಣಿಯ ಮೂಲೆಯಲ್ಲಿ ಒಬ್ಬ ಟೇಲರ್ ಕಾಕಾ ಇದ್ದ. ನನ್ನ ಅಂಗಿಗಳೆಲ್ಲ ಆತನ ಕೈಯವೇ. ದೀಪಾವಳಿ ಹತ್ತಿರ ಬಂದಾಗ ಬಟ್ಟೆ ತಗೊಂಡು ಹೋದೆ. ಆತ ಟೇಪನ್ನು ಕೊರಳಿಂದ ತೆಗೆಯಲೇ ಇಲ್ಲ.

"ಬ್ಯಾಡ್ರಿ ಸಾಹೇಬ್ರ. ಬ್ಯಾರೆ ಕಡಿ ಹೊಲಿಸಿಕೋರಿ."

"ಯಾಕ್ರೀ ಕಾಕಾ, ಏನಾಯ್ತು?"

"ಮತ್ತೇನ್ರಿ? ನನ್ನ ದುಕಾನದಾಗ ಡಬ್ಬಿ ತುಂಬ ಗುಂಡಿ ಅವ. ನೀವು ಇಂದೋರ್‌ನಿಂದ ರಿಜಿಸ್ಟರ್ ಮಾಡಿಸಿ ತರಸ್ತೀರಿ. ನಾ ಹಚ್ಚಿದ ಗುಂಡಿ ಎಂದಾದ್ರೂ ಕಿತ್ತಾವೇನ್ರಿ? ಓಣ್ಯಾಗ ಮಾರಿ ಎತ್ತದಾಂಗ ಆಗ್ಯದ ನನಗ."

ಹೇಳಿ ಆತ ಮಷೀನಿನ ಕಡೆ ತಿರುಗಿದ. ನನಗೆ ತಡೆಯಲಾಗಲಿಲ್ಲ. ಕೈ ಹಿಡಿದು ಮನೆಗೆ ಕರೆತಂದೆ, ಬಾಗಿಲು ಮುಂದೆ ಮಾಡಿ ಡಬ್ಬಿ ತೆರೆದು ತೋರಿಸಿದೆ. ಆತ ಕನ್ನಡಕ ಏರಿಸಿ ಒಂದೊಂದೇ ರೂಪಾಯಿಯನ್ನು ಹೊರಳಿಸಿ ನೋಡಿದ. ಆಮೇಲೆ ಕಸುಬಿನವನ ದನಿಯಲ್ಲಿ ಹೇಳಿದ:

"ಚೊಲೋ ಅವ ಖರೆ, ಸಾಹೇಬ್ರ. ಆದ್ರ ತೂತs ಇಲ್ಲಲ್ರಿ. ದಾರ ಎಲ್ಲಿ ಹಾಕಲಿ?"

ಬೇಳೆ

ಕಂಪ್ಯೂಟರಿನಲ್ಲಿ ಎಲ್ಲ ನಾಣ್ಯವೂ ಊಟದ ತಾಟಿನಷ್ಟು ದೊಡ್ಡದಾಗಿ ಕಾಣುತ್ತದೆ. ಚಿತ್ತಾಪುರದಲ್ಲಿದ್ದಾಗ ಮುಂಬೈ ವ್ಯಾಪಾರಿಯೊಬ್ಬನ ಪುಟದಲ್ಲಿ ವಿಜಯನಗರದ ಕಾಲದ, 'ಹಣ' ಎಂದು ಕರೆಯುವ ಬಂಗಾರದ ನಾಣ್ಯವೊಂದನ್ನು ಕಂಡೆ. ದೇವರ ಮೂರ್ತಿ ಎಷ್ಟು ಚೆನ್ನಾಗಿ ಕಂಡಿತೆಂದರೆ ಕೈ ಮುಗಿಯಬೇಕೆನಿಸಿತು. ಹೊಸ ಸ್ಕೂಟರಿನ ಆಸೆ ಬಿಟ್ಟು ಅದನ್ನು ತರಿಸಿದೆ.

ಪಾರ್ಸಲ್ ಬಂದಾಗ ಹೆಂಡತಿ ಪಡಸಾಲೆಯಲ್ಲಿ ಚಾದರ ಹಾಸಿ, ವರ್ಷದ ತೊಗರಿಬೇಳೆ ಸುರುವಿಕೊಂಡು ಹಸನು ಮಾಡುತ್ತಿದ್ದಳು. ಆಕೆಗೇ ಮೊದಲು ತೋರಿಸೋಣ ಎಂದು ಪಕ್ಕದಲ್ಲಿ ಕುಂತು ಲಕೋಟೆ ಹರಿದೆ. ಅದರೊಳಗೆ ಕಾಗದ, ಕಾಗದದೊಳಗೆ ಹತ್ತಿ. ಹತ್ತಿ ಬಿಡಿಸುವಾಗ ಏನೋ ಮಿಣಕ್ಕೆಂದು ಜಿಗಿಯಿತು.

"ಎಲ್ಲಿ ಅದ ತೋರಸ್ರಿ," ಎಂದಳು.

"ನಿನ್ನ ಬ್ಯಾಳ್ಯಾಗ," ಎಂದೆ.

ಆ ಹಣ ಗಾತ್ರದಲ್ಲಿ ಬೇಳೆಯಷ್ಟೇ. ಬಣ್ಣದಲ್ಲೂ ಬೇಳೆಯೇ. ಕೈಯಾಡಿಸಿದಷ್ಟೂ ಒಳಗೆ ಹೋಗುತ್ತದೆ. ನಮ್ಮ ಗದ್ದಲ ಕೇಳಿ ಪಕ್ಕದ ಮನೆಯಾಕೆ ಇಣುಕಿದಳು.

"ಏನ್ ಕಳದದ್ರಿ ವೈನಿ?"

"ಇವ್ರ ಬಂಗಾರ ಬ್ಯಾಳ್ಯಾಗ ಬಿದ್ದದ ನೋಡ್ರಿ."

ಬಂಗಾರ ಎಂಬ ಮಾತು ಓಣಿಯ ತುದಿ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಹೆಂಗಸರೆಲ್ಲ ತಮ್ಮ ತಮ್ಮ ಮೊರ ತಗೊಂಡು ಬಂದು ಸುತ್ತ ಕುಂತರು. ಒಂದೊಂದೇ ಬೇಳೆ ಹೊರಳಿಸಿ ನೋಡಿದರು. ಕಲ್ಲು ಬೇರೆಯಾಯಿತು, ಸಿಪ್ಪೆ ಬೇರೆಯಾಯಿತು, ಹುಳುಕು ಬೇರೆಯಾಯಿತು. ಹಣ ಮಾತ್ರ ಸಿಗಲಿಲ್ಲ. ನಾನು ಚಹಾ ಮಾಡಿ ಮಾಡಿ ಕೊಟ್ಟೆ. ಬಿಸಿಲು ಇಳಿಯುವ ಹೊತ್ತಿಗೆ ಎದುರುಮನೆ ಅಜ್ಜಿ ಒಂದು ಕಾಳನ್ನು ಕಣ್ಣಿನ ಹತ್ತಿರ ಹಿಡಿದು, "ಈ ಬ್ಯಾಳಿ ಮ್ಯಾಲ ದೇವ್ರು ಕುಂತಾನ ನೋಡವಾ!" ಎಂದಳು.

ನಾನು ಅಜ್ಜಿಯ ಕಾಲಿಗೇ ಬಿದ್ದೆ. ಎಲ್ಲರೂ ಹೋದ ಮೇಲೆ ಹೆಂಡತಿ ಕನ್ನಡಿಯಂತೆ ಹಸನಾಗಿದ್ದ ಬೇಳೆಯ ರಾಶಿಯನ್ನು ಕಣ್ತುಂಬ ನೋಡಿದಳು.

"ಇನ್ನೊಂದು ತರಸ್ರಿ. ಜ್ವಾಳ ಹಸನ ಮಾಡೋದು ಹಂಗs ಉಳದದ."

ಲೈನ್ ಮ್ಯಾಲ

ಈ ವ್ಯಾಪಾರಿಗಳು ಒಳ್ಳೇ ನಾಣ್ಯವನ್ನು ಪುಟಕ್ಕೆ ಏರಿಸುವುದು ನಡು ಮಧ್ಯಾಹ್ನ. ಯಾರು ಮೊದಲು ಒತ್ತುತ್ತಾರೋ ಅವರದು. ವಾಡಿಗೆ ಹೊಸದಾಗಿ ಹೋಗಿದ್ದೆ, ಊರಲ್ಲಿ ಇನ್ನೂ ಯಾರೂ ನನ್ನ ಗುರುತು ಹಿಡಿಯುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಯಾರಾದರೂ ಫೋನ್ ಮಾಡಿದರೆ "ಸಾಹೇಬ್ರು ಲೈನ್ ಮ್ಯಾಲ ಹೋಗ್ಯಾರ" ಎನ್ನಬೇಕೆಂದು ಆಫೀಸಿನ ಜವಾನನಿಗೆ ಹೇಳಿ, ಇಂಟರ್‌ನೆಟ್ ಅಂಗಡಿಗೆ ಓಡುತ್ತಿದ್ದೆ.

ಒಂದು ದಿನ ಬಹುಕಾಲದಿಂದ ಹುಡುಕುತ್ತಿದ್ದ ಬಹಮನಿ ಕಾಲದ ತಾಮ್ರದ ನಾಣ್ಯ ಬಂತು. ಚಿತ್ರ ಮೇಲಿನಿಂದ ಕೆಳಗೆ ನಿಧಾನ ಇಳಿಯತೊಡಗಿತು. ಅರ್ಧ ನಾಣ್ಯ ಕಂಡಿತು ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು.

ಅಂಗಡಿಯಲ್ಲಿದ್ದವರೆಲ್ಲ ಕರೆಂಟ್ ಆಫೀಸಿನವರ ವಂಶವನ್ನು ನೆನೆಯತೊಡಗಿದರು. ಸುಮ್ಮನಿದ್ದರೆ ಸಂಶಯ ಬಂದೀತೆಂದು ನಾನೂ ದನಿ ಕೂಡಿಸಿದೆ. ಅಂಗಡಿಯವನು ಫೋನನ್ನು ನನ್ನ ಮುಂದೆ ತಳ್ಳಿದ. "ಸರ್, ನೀವು ಓದಿದವ್ರು ಕಾಣ್ತೀರಿ. ನೀವs ಒಂದು ಫೋನ್ ಹಚ್ಚಿ ಕೇಳ್ರಿ."

ದಾರಿ ಕಾಣದೆ ನನ್ನ ಆಫೀಸಿಗೇ ಹಚ್ಚಿದೆ. ದನಿ ಬದಲಿಸಿಕೊಂಡು ಕೇಳಿದೆ, "ಕರೆಂಟ್ ಯಾವಾಗ ಬರ್ತದ್ರಿ?"

"ಬರ್ತದ, ಕುಂದ್ರಿ," ಎಂದ ನಮ್ಮ ಜವಾನ.

"ಸಾಹೇಬ್ರಿಗಿ ಕೊಡ್ರಿ ಫೋನು."

"ಸಾಹೇಬ್ರು ಲೈನ್ ಮ್ಯಾಲ ಹೋಗ್ಯಾರ್ರಿ."

ಒಳ್ಳೇ ಮನುಷ್ಯ, ಹೇಳಿದ್ದನ್ನು ಹೇಳಿದಂತೆ ಮಾಡುತ್ತಾನೆ ಎಂದು ಹೆಮ್ಮೆ ಅನಿಸಿತು. ಆದರೆ ಸುತ್ತ ನಿಂತವರು ಬಿಡಬೇಕಲ್ಲ! "ಯಾವಾಗ ಬರ್ತಾರ ಕೇಳ್ರಿ, ಜೋರ್ ಮಾಡ್ರಿ," ಎಂದು ಬೆನ್ನು ತಿವಿದರು. ನಾನು ಜೋರು ಮಾಡಿದೆ. ಆಗ ಜವಾನ ದನಿ ತಗ್ಗಿಸಿದ:

"ಖರೆ ಹೇಳ್ಲೇನ್ರಿ ಯಜಮಾನ್ರ? ಲೈನ್ ಇಲ್ಲ, ಗೀನ್ ಇಲ್ಲ. ಎಲ್ಲ್ಯೋ ಕಂಪ್ಯೂಟರ್ ಅಂಗಡ್ಯಾಗ ಹಳೇ ರೊಕ್ಕದ ಚಿತ್ರ ನೋಡ್ಕೋತ ಕುಂತಿರ್ತಾರ. ಈಗ ಕರೆಂಟ್ ಹೋಗ್ಯದಲ್ಲ, ತಾವs ಎದ್ದು ಬರ್ತಾರ ತಗೋರಿ."

ಬೀಗರು

ಮಗಳನ್ನು ಚಿಂಚೋಳಿಗೆ ಕೊಟ್ಟೆ. ಬೀಗರು ನಿವೃತ್ತ ಹೆಡ್‌ಮಾಸ್ತರರು, ಗಂಭೀರ ಮನುಷ್ಯರು, ಮತ್ತು ನನ್ನ ಹಾಗೆಯೇ ನಾಣ್ಯದ ಹುಚ್ಚಿನವರು. ಆದರೆ ಇಂಟರ್‌ನೆಟ್ ಎಂದರೆ ಅವರಿಗೆ ಆಗದು. "ಕೈಯಾಗ ಹಿಡೀದs ಮಾಲು ತಗೊಳ್ಳೋದು ಹುಚ್ಚರ ಕೆಲಸ್ರಿ," ಎಂದು ನಮ್ಮ ಮನೆಯಲ್ಲೇ ಕುಂತು ಹೇಳಿದ್ದರು. ಹೆಣ್ಣು ಕೊಟ್ಟವನು ನಾನು. "ಹೌದ್ರಿ, ಬರೋಬ್ಬರಿ," ಎಂದಿದ್ದೆ.

ಆಗ ನಾನು ಸೇಡಂನಲ್ಲಿದ್ದೆ. ಹರಾಜಿನ ಪುಟವೊಂದರಲ್ಲಿ ನಿಜಾಮನ ಕಾಲದ ಚಾರ್ಮಿನಾರ್ ರೂಪಾಯಿ ಬಂದಿತ್ತು. ಎಂಥ ಚೊಕ್ಕ ನಾಣ್ಯ! ಹರಾಜು ಮುಗಿಯುವ ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರದ ಇಂಟರ್‌ನೆಟ್ ಅಂಗಡಿಯ ಪ್ಲೈವುಡ್ ಗೂಡಿನಲ್ಲಿ ಕುಂತೆ. ಎಲ್ಲರೂ ಒಬ್ಬೊಬ್ಬರಾಗಿ ಹಿಂದೆ ಸರಿದರು. 'ಸಿಕ್ಕಾ ಸಾಮ್ರಾಟ್', ಅಂದರೆ ನಾಣ್ಯದ ಚಕ್ರವರ್ತಿ, ಎಂಬ ಹೆಸರಿನವನೊಬ್ಬ ಮಾತ್ರ ಬಿಡಲೊಲ್ಲ. ನಾನು ಏರಿಸಿದರೆ ಅವನೂ ಏರಿಸುತ್ತಾನೆ; ಬೆಲೆ ನನ್ನ ತಿಂಗಳ ಸಂಬಳದ ಹತ್ತಿರ ಬಂತು.

"ಇವನ ಮನಿ ಹಾಳಾಗ!" ಎಂದು ಬೈದು ಮತ್ತೆ ಒತ್ತಿದೆ.

ಒತ್ತಿದ ಕೂಡಲೇ ಪಕ್ಕದ ಗೂಡಿನಿಂದ ದನಿ ಬಂತು: "ಯಾವ ಹಲ್ಕಟ್ ಅದಾನೋ ಇಂವ, ಬಿಡವಲ್ಲ!"

ನಾನು ಇನ್ನೊಮ್ಮೆ ಒತ್ತಿದೆ. ಆಚೆಯಿಂದ ಮತ್ತೆ ಬೈಗುಳ. ಸಂಶಯ ಬಂದು ಕುರ್ಚಿ ಹತ್ತಿ ಪ್ಲೈವುಡ್ಡಿನ ಮೇಲಿಂದ ಇಣುಕಿದೆ. ಅದೇ ಹೊತ್ತಿಗೆ ಆಚೆಯಿಂದಲೂ ಒಂದು ಬಿಳಿ ಟೊಪ್ಪಿಗೆ ಮೇಲೆದ್ದಿತು.

"ನಮಸ್ಕಾರ್ರಿ ಬೀಗರ," ಎಂದೆ.

"ನಮಸ್ಕಾರ. ಆರಾಮ್ ಅದೀರಿ?"

"ಆರಾಮ್ರಿ. ಮನ್ಯಾಗ ಎಲ್ಲಾರೂ?"

"ಆರಾಮ್ ಅದಾರ."

ನಾನು ಹಾಳಾಗಲಿ ಎಂದ ಮನೆಯಲ್ಲೇ ನನ್ನ ಮಗಳು ಇದ್ದಾಳೆಂಬುದು ಆಗ ಹೊಳೆದು ನಾಲಿಗೆ ಕಚ್ಚಿಕೊಂಡೆ. ಊರವರ ಕಣ್ಣು ತಪ್ಪಿಸಿ ಚಿಂಚೋಳಿಯಿಂದ ಬಸ್ಸು ಹತ್ತಿ ಬಂದಿದ್ದ ಬೀಗರ ಮುಖವೂ ಹಲ್ಕಟ್ ಎಂಬ ಮಾತನ್ನು ವಾಪಸು ನುಂಗುತ್ತಿತ್ತು.

"ನೀವs ತಗೋರಿ ಬೀಗರ," ಎಂದೆ.

"ಛೆ ಛೆ, ನೀವು ತಗೋರಿ."

"ಹಿರಿಯರು ನೀವು. ನಿಮ್ಮ ಕೈಯಾಗಿಂದು ನಾ ಕಸಗೊಳ್ಳಲೇನ್ರಿ?"

"ನಾ ತಗೊಂಡ್ರ ನಾಳಿಗಿ ಸೊಸಿಗಿ ಹ್ಯಾಂಗ ಮಾರಿ ತೋರಸ್ಲಿ? ನೀವs ತಗೋರಿ."

ಮದುವೆ ಪಂಕ್ತಿಯಲ್ಲಿ ಹೋಳಿಗೆಗೆ ನಡೆಯುವಂಥ ಒತ್ತಾಯ ಕುರ್ಚಿಯ ಮೇಲೆ ನಿಂತೇ ನಡೆಯಿತು. ಕೊನೆಗೆ ಇಬ್ಬರೂ ಕೆಳಗಿಳಿದು ನೋಡಿದರೆ ಹರಾಜು ಮುಗಿದಿತ್ತು. ರೂಪಾಯಿ ಮೂರನೆಯವನೊಬ್ಬನ ಪಾಲಾಗಿತ್ತು.

ಇಬ್ಬರೂ ಗೂಡಿನಿಂದ ಹೊರಬಂದು ಸೂತಕದವರಂತೆ ನಿಂತೆವು. ಅಷ್ಟರಲ್ಲಿ ಗಲ್ಲಾದ ಹಿಂದಿನ ಕಂಪ್ಯೂಟರಿನಿಂದ ಅಂಗಡಿಯವನು ಎರಡೂ ಕೈ ಮೇಲೆತ್ತಿ ಓಡಿಬಂದ.

"ಸಾಹೇಬ್ರ, ಗೆದ್ದೆ ನಾ! ನೀವಿಬ್ರು ದೊಡ್ಡ ಮನಶ್ಯಾರು ಇಷ್ಟು ಬಡದಾಡ್ಲಿಕತ್ತೀರಂದ್ರ ಭಾರೀ ಮಾಲs ಇರಬೇಕಂತ, ನಿಮ್ಮ ಮ್ಯಾಲ ಒಂದು ಏರಿಸಿ ನಾನೂ ಒತ್ತಿಬಿಟ್ಟೆ. ಜರಾ ಹೇಳ್ರಿ ಈಗ, ನಾ ಏನ್ ತಗೊಂಡೀನಿ?"

ಬೀಗರು ನನ್ನ ಮುಖ ನೋಡಿದರು. ನಾನು ಬೀಗರ ಮುಖ ನೋಡಿದೆ.

"ನೀವs ಹೇಳ್ರಿ," ಎಂದರು.

"ಛೆ, ಹಿರಿಯರು ನೀವು. ನೀವs ಹೇಳ್ರಿ," ಎಂದೆ.

ಬೀಗರು ಟೊಪ್ಪಿಗೆ ಸರಿಮಾಡಿಕೊಂಡು, ಶಾಲೆಯಲ್ಲಿ ನಪಾಸಾದವನಿಗೆ ಹೇಳುವ ದನಿಯಲ್ಲಿ ಹೇಳಿದರು:

"ಒಂದು ರೂಪಾಯಿ, ತಮ್ಮಾ."

ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾವು ನಗಲಿಲ್ಲ. ಅವನು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದ, ಆಮೇಲೆ ಮೆಲ್ಲಗೆ ನಗು ನಿಲ್ಲಿಸಿ ಕುರ್ಚಿ ಹುಡುಕಿದ.